ಸ್ಪಷ್ಟನೆ: ಅನೋವಾ ಹೇಳುವುದು ಅಷ್ಟನ್ನಲ್ಲ

ಹಲವು ಗುಂಪುಗಳ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ಸಂಖ್ಯಾಶಾಸ್ತ್ರದ ಪರೀಕ್ಷೆಯೇ ಅನೋವಾ. ‘ಅನೋವಾದಲ್ಲಿ ಪಿ ಮೌಲ್ಯ (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದರೆ ಮೂರೂ ತರಬೇತಿ ಗುಂಪುಗಳು ಒಂದಕ್ಕೊಂದು ಭಿನ್ನ ಎಂದು ಸಾಬೀತಾದಂತೆ’ ಎಂಬ ಟಿಪ್ಪಣಿಯೊಂದು ದೈಹಿಕ ಶಿಕ್ಷಣ ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ. ಇದು ತಪ್ಪು. ಎಲ್ಲ ಸರಾಸರಿಗಳೂ ಸಮ ಎಂಬ ಊಹೆ ನಿಲ್ಲುವುದಿಲ್ಲ ಎಂದಷ್ಟೇ ಆ ಫಲಿತಾಂಶದ ಅರ್ಥ.

ಲೆಕ್ಕ ಹಾಕಿ ನೋಡೋಣ. ತಲಾ 10 ಆಟಗಾರರ ಮೂರು ಗುಂಪು. ಲಂಬ ಜಿಗಿತದ ಸರಾಸರಿ 38, 39, 44 ಸೆಂ.ಮೀ.; ಪ್ರತಿ ಗುಂಪಿನ ಪ್ರಮಾಣಿತ ವಿಚಲನೆ (ಅಂಕಿಗಳು ಸರಾಸರಿಯಿಂದ ಚದುರಿರುವ ಪ್ರಮಾಣ) 4 ಎಂದಿಟ್ಟುಕೊಳ್ಳಿ. ಗುಂಪುಗಳ ನಡುವಿನ ವ್ಯತ್ಯಾಸವನ್ನು ಗುಂಪಿನೊಳಗಿನ ವ್ಯತ್ಯಾಸಕ್ಕೆ ಹೋಲಿಸುವ ಎಫ್ ಮೌಲ್ಯ ಸುಮಾರು 6.46, ಮೀರಬೇಕಾದ ಮಿತಿ 3.35. ಅಂದರೆ ವ್ಯತ್ಯಾಸ ಇದೆ. ಆದರೆ ಎಲ್ಲಿ? ಅನೋವಾದ ನಂತರ ಗುಂಪುಗಳನ್ನು ಜೋಡಿ ಜೋಡಿಯಾಗಿ ಹೋಲಿಸುವ ಟ್ಯೂಕಿ ಪರೀಕ್ಷೆಯ ಪ್ರಕಾರ, ಭಿನ್ನ ಎನ್ನಲು ಎರಡು ಗುಂಪುಗಳ ಸರಾಸರಿಗಳ ನಡುವೆ ಸುಮಾರು 4.4 ಸೆಂ.ಮೀ. ಅಂತರವಾದರೂ ಇರಬೇಕು. ಮೂರನೆಯ ಗುಂಪು ಉಳಿದೆರಡಕ್ಕಿಂತ ಭಿನ್ನ, ಸರಿ. ಮೊದಲೆರಡು ಗುಂಪುಗಳು ಭಿನ್ನ ಎನ್ನಲು ಆಧಾರವೇ ಇಲ್ಲ.

‘ಹಾಗಾದರೆ ಮೂರು ಟಿ-ಪರೀಕ್ಷೆ (ಎರಡೇ ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆ) ಮಾಡಿದರಾಯಿತು’ ಎನ್ನುವುದೂ ಸಲ್ಲ. ಪ್ರತಿಯೊಂದರಲ್ಲೂ ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ತಪ್ಪಿನ ಸಾಧ್ಯತೆ ಶೇ 5ರಷ್ಟು ಇರುವಾಗ, ಮೂರೂ ಸೇರಿ ಅದು ಶೇ 14ರ ಹತ್ತಿರಕ್ಕೆ ಏರಬಹುದು.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ: ಅದೇ ಆಟಗಾರರನ್ನು ತರಬೇತಿಗೆ ಮುಂಚೆ, ನಡುವೆ, ನಂತರ ಅಳೆದಿದ್ದರೆ ಸಾಮಾನ್ಯ ಅನೋವಾ ಹೊಂದುವುದಿಲ್ಲ. ಅಲ್ಲಿ ಪುನರಾವರ್ತಿತ ಮಾಪನದ ಅನೋವಾ ಬಳಸಬೇಕು.