ಲಕ್ಕುಂಡಿಗೆ ಒಂದು ಗುಡಿ ಸಾಲದು
1192ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನ ರಾಜಧಾನಿಯಾಗಿದ್ದ ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ದೇವಾಲಯವೊಂದನ್ನು ನೋಡಿದರೆ ಸಾಕೆಂದು ಈ ಊರಿನ ಪ್ರವಾಸದ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟ ಸಲಹೆಯನ್ನು ಗದಗಿನವನಾದ ನಾನು ಒಪ್ಪಲಾರೆ. ಶಿವ ಮತ್ತು ಸೂರ್ಯರ ಗರ್ಭಗುಡಿಗಳು ಎದುರುಬದುರಾಗಿರುವ ಆ ದೇವಾಲಯದ ಬಾಗಿಲುವಾಡಗಳ ಕುಸುರಿಗೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ, ನಿಜ. ಆದರೆ ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯವನ್ನು, ಅಲ್ಲಿಯ ಚತುರ್ಮುಖ ಬ್ರಹ್ಮನ ಮೂರ್ತಿಯನ್ನು ನೋಡದೆ ಮರಳುವುದು ಕನ್ನಡಿಗರಿಗಂತೂ ದೊಡ್ಡ ನಷ್ಟ. ಮಾಣಿಕೇಶ್ವರ ಗುಡಿಯ ಮಗ್ಗುಲಿಗಿರುವ ಮುಸುಕಿನ ಬಾವಿಯ ಹೆಸರನ್ನೇ ಲೇಖನದಲ್ಲಿ ಬಿಟ್ಟಿರುವುದು ನನಗೆ ಬಹಳ ಬೇಸರ ತಂದಿತು; ಮೂರು ದಿಕ್ಕಿನಿಂದ ಮೆಟ್ಟಿಲುಗಳಿಳಿಯುವ, ಗೋಡೆಯ ಗೂಡುಗಳಲ್ಲಿ ಪುಟ್ಟ ಗುಡಿಗಳನ್ನು ಹೊತ್ತ ಆ ಬಾವಿ ಚಾಲುಕ್ಯರ ಕಾಲದ ಶಿಲ್ಪಿಗಳು ನೀರಿಗೆ ತೋರಿದ ಗೌರವವೆಂದೇ ನಾನು ಭಾವಿಸುತ್ತೇನೆ. ಗುಡಿಗಳು ಊರಿನ ಓಣಿಗಳಲ್ಲಿ ಚದುರಿಕೊಂಡಿರುವುದರಿಂದ ಪ್ರವಾಸಿಗರು ಗದಗದಿಂದ ಬೆಳಿಗ್ಗೆಯೇ ಹೊರಟು, ಕನಿಷ್ಠ ಅರ್ಧ ದಿನವನ್ನಾದರೂ ಕಾಲ್ನಡಿಗೆಗೆ ಮೀಸಲಿಡಲಿ.