ನ್ಹಾವಾ ಶೇವಾ ಬಂದರು ಮಾರಾಟವಾಗಿಲ್ಲ: ಒಂದು ಸ್ಪಷ್ಟನೆ

ಡೊಂಬಿವಲಿ, ನವಿ ಮುಂಬಯಿ ಕನ್ನಡಿಗರ ವಾಟ್ಸ್‌ಆ್ಯಪ್ ಬಳಗಗಳಲ್ಲಿ "ನ್ಹಾವಾ ಶೇವಾ ಬಂದರನ್ನು ಖಾಸಗಿಯವರಿಗೆ ಮಾರಲಾಗಿದೆ, ವಾಢವಣವೂ ಅವರದೇ ಪಾಲು" ಎಂಬ ಸಂದೇಶ ಹರಿದಾಡುತ್ತಿದ್ದು, ಅದು ವಾಸ್ತವಕ್ಕೆ ದೂರವಾದುದು. (ವಾಢವಣವೆಂದರೆ ಮಹಾರಾಷ್ಟ್ರದ ಕರಾವಳಿಯ ಹೊಸ ಬಂದರು ಯೋಜನೆ.)

ನವಿ ಮುಂಬಯಿ ಬಳಿ 1989ರಲ್ಲಿ ಕಾರ್ಯಾರಂಭ ಮಾಡಿದ ನ್ಹಾವಾ ಶೇವಾ ಬಂದರು ಇಂದಿಗೂ ಕೇಂದ್ರ ಸರ್ಕಾರದ ಅಧೀನದಲ್ಲಿರುವ ಜವಾಹರಲಾಲ್ ನೆಹರೂ ಬಂದರು ಪ್ರಾಧಿಕಾರದ ಒಡೆತನದಲ್ಲೇ ಇದೆ. ಖಾಸಗಿ ಸಂಸ್ಥೆಗಳಿಗೆ ದೊರೆತಿರುವುದು ಟರ್ಮಿನಲ್‌ಗಳನ್ನು, ಅಂದರೆ ಹಡಗಿನ ಸರಕು ಏರಿಸಿ ಇಳಿಸುವ ತಾಣಗಳನ್ನು, ನಿಗದಿತ ಅವಧಿಗೆ ನಡೆಸುವ ಹಕ್ಕು ಮಾತ್ರ. ಹಡಗಿನಲ್ಲಿರುವ ಕಂಟೇನರನ್ನು ಕ್ರೇನಿನಿಂದೆತ್ತಿ ಟ್ರೇಲರಿನ ಮೇಲಿಡುವುದು ಟರ್ಮಿನಲ್ ಕಂಪನಿಯ ಕೆಲಸವಾದರೆ, ಆ ಹಡಗು ಬಂದ ಕಡಲಗಾಲುವೆಯ ಹೂಳೆತ್ತಿಸುವುದೂ, ಹಗ್ಗದ ಏಣಿ ಹತ್ತಿ ಹಡಗೇರಿ ದಾರಿ ತೋರುವ ಪೈಲಟ್‌ನ ವ್ಯವಸ್ಥೆಯೂ ಪ್ರಾಧಿಕಾರದ ಹೊಣೆ.

ವದಂತಿಗೆ ಒಂದು ಎಳೆ ಸಿಕ್ಕಿರುವುದು ಸುಳ್ಳಲ್ಲ. ಪ್ರಾಧಿಕಾರ ತಾನೇ ನಡೆಸುತ್ತಿದ್ದ ಕಂಟೇನರ್ ಟರ್ಮಿನಲನ್ನೂ 2022ರಲ್ಲಿ 30 ವರ್ಷಗಳ ಒಪ್ಪಂದದ ಮೇಲೆ ಖಾಸಗಿ ಒಕ್ಕೂಟಕ್ಕೆ ವಹಿಸಿತು. ಅದು ಸರಿಯೇ ಎಂಬ ಚರ್ಚೆ ಅಗತ್ಯವಾಗಿ ನಡೆಯಲಿ. ಆದರೆ ಗುತ್ತಿಗೆಯನ್ನು ಕ್ರಯಪತ್ರವೆಂದು ಸಾರುವುದು ಆ ಚರ್ಚೆಯನ್ನೇ ಕೆಡಿಸುತ್ತದೆ.

ಪಾಲ್ಘರ್ ಜಿಲ್ಲೆಯ ವಾಢವಣದಲ್ಲಿ, ಸುಮಾರು 20 ಮೀಟರ್ ಸಹಜ ಆಳವಿರುವ ಕಡಲಿನಲ್ಲಿ ನಿರ್ಮಾಣವಾಗುತ್ತಿರುವ ಬಂದರಿನ ಕಂಪನಿಯಲ್ಲಿ ಪ್ರಾಧಿಕಾರದ ಪಾಲು ಶೇ. 74, ಮಹಾರಾಷ್ಟ್ರ ಮೆರಿಟೈಮ್ ಬೋರ್ಡಿನ ಪಾಲು ಶೇ. 26. ಎರಡೂ ಸರ್ಕಾರಿ ಸಂಸ್ಥೆಗಳೇ.