ರದ್ದಿಯಲ್ಲಿ ಉಳಿದ ರೇಷ್ಮೆ ದಾರಿ

ಹಳೆಯ ಕಾಗದವನ್ನು ಮನೆಯಿಂದ ಸಾಗಹಾಕುವಾಗ ನಾವು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಹಳೇ ಪೇಪರಿನವನು ಬಂದು ತಕ್ಕಡಿ ಎತ್ತಿ ಹಿಡಿದಾಗ ದಿನಪತ್ರಿಕೆಗಳ ಕಟ್ಟಿನೊಡನೆ ಕರೆಂಟ್ ಬಿಲ್ಲು, ಬ್ಯಾಂಕಿನ ಪತ್ರ, ಯಾರದೋ ಮದುವೆಯ ಕರೆಯೋಲೆ, ಮಕ್ಕಳ ಹೋದ ವರ್ಷದ ನೋಟ್‌ಬುಕ್ಕು ಎಲ್ಲವೂ ಹೊರಟುಹೋಗುತ್ತವೆ. ಕಿಲೋಗೆ ಎಷ್ಟು ಎಂಬ ಚೌಕಾಸಿ ನಡೆಯುತ್ತದೆಯೇ ಹೊರತು ಅವುಗಳಲ್ಲಿ ಏನು ಬರೆದಿತ್ತೆಂದು ಯಾರೂ ಕೇಳುವುದಿಲ್ಲ. ಚೀನಾದಿಂದ ಮಧ್ಯ ಏಷ್ಯಾದ ಮೂಲಕ ಪಶ್ಚಿಮಕ್ಕೆ ಹಾಯ್ದಿದ್ದ ಪುರಾತನ ರೇಷ್ಮೆ ದಾರಿಯ ಬಗ್ಗೆ ನಾವು ನೆಚ್ಚಿಕೊಳ್ಳಬಹುದಾದ ಸಂಗತಿಗಳಲ್ಲಿ ಬಹುಪಾಲು ಇಂಥ ರದ್ದಿಯಿಂದಲೇ ಬಂದಿವೆ.

ರೇಷ್ಮೆ ದಾರಿ ಎಂದೊಡನೆ ಮರಳುದಿಬ್ಬದ ಮೇಲೆ ಸಾಲುಗಟ್ಟಿ ಸಾಗುವ ನೂರಾರು ಒಂಟೆಗಳ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಈ ಹೆಸರಾದರೂ ಈಚಿನದು. 1877ರಲ್ಲಿ ಜರ್ಮನ್ ಭೂಗೋಳಶಾಸ್ತ್ರಜ್ಞ ಫರ್ಡಿನಂಡ್ ಫಾನ್ ರಿಖ್ಟೋಫೆನ್ ಅದನ್ನು ಬಳಕೆಗೆ ತಂದ. ಆ ದಾರಿಯಲ್ಲಿ ಕಾಲು ಸವೆಸಿದವರಿಗೆ ತಾವು ಯಾವುದೋ ಮಹಾಮಾರ್ಗದ ಪಥಿಕರೆಂಬ ಹೆಮ್ಮೆಯೇನೂ ಇರಲಾರದು. ಮುಂದಿನ ಊರು, ಅಲ್ಲಿಯ ನೀರು, ಅಲ್ಲಿಯ ಸುಂಕ, ಇಷ್ಟರಲ್ಲಿಯೇ ಅವರ ಚಿಂತೆ ಮುಗಿಯುತ್ತಿತ್ತು.

ಇದು ಗೊತ್ತಾದದ್ದು ಹೆಣದ ಚಪ್ಪಲಿಗಳಿಂದ. ವಾಯವ್ಯ ಚೀನಾದ ತುರ್ಫಾನಿನ ಬಳಿ ಅಸ್ತಾನ ಎಂಬಲ್ಲಿ ಹಳೆಯ ಸ್ಮಶಾನವೊಂದಿದೆ. ಅಲ್ಲಿಯ ಜನ ಸತ್ತವರಿಗೆ ಕಾಗದದ ಪಾದರಕ್ಷೆ, ಟೋಪಿ, ಸೊಂಟಪಟ್ಟಿಗಳನ್ನು ಮಾಡಿ ತೊಡಿಸಿ ಹೂಳುತ್ತಿದ್ದರು. ಹೊಸ ಕಾಗದ ದುಬಾರಿಯಾದ್ದರಿಂದ ಸರ್ಕಾರಿ ಕಚೇರಿಯವರು ಕೆಲಸ ಮುಗಿಯಿತೆಂದು ವಿಲೇವಾರಿ ಮಾಡಿದ ಕಾಗದವನ್ನೇ ಅಟ್ಟೆಯ ಅಳತೆಗೆ ಕತ್ತರಿಸಿ, ಪದರ ಪದರವಾಗಿ ಇಟ್ಟು ಹೊಲಿಯುತ್ತಿದ್ದರು. ಮಳೆಯೇ ಕಾಣದ, ಸಮುದ್ರಮಟ್ಟಕ್ಕಿಂತಲೂ ತಗ್ಗಾದ ಆ ನೆಲದಲ್ಲಿ ಸಾವಿರದ ಮುನ್ನೂರು ವರ್ಷವಾದರೂ ಅದು ಗೆದ್ದಲು ಹಿಡಿಯದೆ ಉಳಿದುಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಗೋರಿಗಳನ್ನು ಅಗೆದ ವಿದ್ವಾಂಸರು ಒಂದೊಂದೇ ಹೊಲಿಗೆ ಬಿಚ್ಚಿ, ತುಂಡಿಗೆ ತುಂಡು ಜೋಡಿಸಿ ಓದಿದಾಗ ಸಾಲಪತ್ರಗಳು, ತೂಕದ ಸುಂಕದ ಲೆಕ್ಕ, ರಹದಾರಿಗಳು, ನ್ಯಾಯಾಲಯದ ಹೇಳಿಕೆಗಳು ಹೊರಬಂದವು.

ಅವುಗಳಲ್ಲೊಂದು ಸುಮಾರು 670ರ ದಾವೆಯ ಕಾಗದ. ಸಾವೊ ಲುಶಾನ್ ಎಂಬ ಸೊಗ್ದಿ ವ್ಯಾಪಾರಿ, ಅಂದರೆ ಈಗಿನ ಉಜ್ಬೇಕಿಸ್ತಾನದ ಸಮರ್ಕಂದದ ಕಡೆಯ ಮೂಲದವನು, ಚೀನೀ ವ್ಯಾಪಾರಿಯೊಬ್ಬನ ಮೇಲೆ ದೂರು ತಂದಿದ್ದ. ತನ್ನ ಅಣ್ಣ ಆ ಚೀನೀಯನಿಗೆ 275 ಥಾನು ರೇಷ್ಮೆಯನ್ನು ಸಾಲವಾಗಿ ಕೊಟ್ಟಿದ್ದ, ಆಮೇಲೆ ಕುಚಾ ಎಂಬ ಊರಿನ ಕಡೆಗೆ ಹೊರಟ ಅಣ್ಣ ದಾರಿಯಲ್ಲಿಯೇ ಕಾಣೆಯಾದ, ಸಾಲಪತ್ರವೂ ಅವನ ಸಂಗಡವೇ ಹೋಯಿತು ಎಂಬುದು ದೂರಿನ ಸಾರ. ಪತ್ರ ಬರೆದದ್ದನ್ನು ಕಣ್ಣಾರೆ ಕಂಡ ಸಾಕ್ಷಿಗಳ ಮಾತು ಕೇಳಿ, ಸಾಲ ತೀರಿಸಬೇಕೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ರೇಷ್ಮೆ ಇಲ್ಲಿ ಉಡುವ ಬಟ್ಟೆಗಿಂತ ಹೆಚ್ಚಾಗಿ ಹಣವೇ ಆಗಿತ್ತು; ಆಗ ಚೀನಾವನ್ನು ಆಳುತ್ತಿದ್ದ ತಾಂಗ್ ವಂಶದ ಅರಸರು ಗಡಿಯ ದಂಡಿನವರಿಗೆ ಸಂಬಳವನ್ನು ಕೂಡ ಥಾನುಗಳಲ್ಲಿ ಕೊಡುತ್ತಿದ್ದರು. ರಹದಾರಿಗಳನ್ನು ನೋಡಿದರೆ ತಂಡಗಳೆಲ್ಲ ಚಿಕ್ಕವು, ಕೆಲವೇ ಜನ ಮತ್ತು ಕೆಲವೇ ಪ್ರಾಣಿಗಳು, ಒಂದೊಂದರ ಲೆಕ್ಕವೂ ಪತ್ರದಲ್ಲಿ ನಮೂದಾಗಿರುತ್ತದೆ. ಪತ್ರದಲ್ಲಿರದ ಕತ್ತೆಯೊಂದು ಜೊತೆಗಿದ್ದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿರಲಿಲ್ಲ.

ಅದೇ ಸ್ಮಶಾನದಲ್ಲಿ 673ರಲ್ಲಿ ತೀರಿಕೊಂಡ ಜುವೊ ಚೊಂಗ್‌ಶಿ ಎಂಬ ಲೇವಾದೇವಿಗಾರನ ಗೋರಿಯಿದೆ. ಅವನೊಡನೆ ಹದಿನೈದು ಕರಾರುಪತ್ರಗಳನ್ನು ಇಟ್ಟು ಹೂಳಿದ್ದಾರೆ. ಯಮನ ದರಬಾರಿನಲ್ಲಾದರೂ ವಸೂಲಿಗೆ ಬೇಕಾದೀತು ಎಂಬ ದೂರಾಲೋಚನೆ ಇದ್ದಿರಬೇಕು. ಸಾಲಗಾರರು ಎಂಥವರೆಂದು ಬಲ್ಲವರು ಇದನ್ನು ಅತಿಯೆಂದು ಹೇಳಲಾರರು.

ಇನ್ನೂ ಹಳೆಯ ಕಾಗದಗಳು 1907ರಲ್ಲಿ ಪುರಾತತ್ವ ಅನ್ವೇಷಕ ಔರೆಲ್ ಸ್ಟೈನನಿಗೆ ವಾಯವ್ಯ ಚೀನಾದ ದುನ್‌ಹುವಾಂಗ್ ಊರಿನ ಪಶ್ಚಿಮಕ್ಕಿದ್ದ ಕಾವಲುಗೋಪುರವೊಂದರಲ್ಲಿ ಸಿಕ್ಕವು. ಅವು ಸುಮಾರು 313ರಲ್ಲಿ ಸೊಗ್ದಿ ಭಾಷೆಯಲ್ಲಿ ಬರೆದು, ಮುಟ್ಟಬೇಕಾದವರಿಗೆ ಮುಟ್ಟದೆ ಉಳಿದ ಅಂಚೆ. ಒಂದು ಪತ್ರ ಸಮರ್ಕಂದಕ್ಕೆ ಹೊರಟಿತ್ತು: ಚೀನಾದ ಲುವೊಯಾಂಗ್ ನಗರ ಹೂಣರ ಕೈಗೆ ಸಿಕ್ಕು ಸುಟ್ಟುಹೋದ ಸುದ್ದಿಯೂ, ತಾನು ಕಳಿಸಿದ ಕಸ್ತೂರಿಯ ಹಣವನ್ನು ಯಾರ್ಯಾರಿಗೆ ಹೇಗೆ ಹಂಚಬೇಕೆಂಬ ಸೂಚನೆಯೂ ಅದರಲ್ಲಿವೆ. ಇನ್ನೊಂದನ್ನು ಬರೆಸಿದವಳು ಮಿವ್ನಾಯ್ ಎಂಬ ಗೃಹಿಣಿ. ಗಂಡ ಅವಳನ್ನೂ ಮಗಳನ್ನೂ ದುನ್‌ಹುವಾಂಗಿನಲ್ಲಿ ಬಿಟ್ಟುಹೋಗಿ ಮೂರು ವರ್ಷವಾಗಿತ್ತು. ನಿನ್ನ ಹೆಂಡತಿಯಾಗುವುದಕ್ಕಿಂತ ನಾಯಿಗೋ ಹಂದಿಗೋ ಹೆಂಡತಿಯಾಗುವುದು ಮೇಲಿತ್ತು ಎಂದು ಆಕೆ ಗಂಡನಿಗೆ ಬರೆಸಿದ್ದಾಳೆ. ದೂರದ ವ್ಯಾಪಾರದ ಲಾಭನಷ್ಟದಲ್ಲಿ ಹೆಂಗಸರ ಪಾಲಿಗೆ ಏನು ಬರುತ್ತಿತ್ತೆಂಬುದನ್ನು ಇಷ್ಟು ನೇರವಾಗಿ ಹೇಳುವ ದಾಖಲೆಯನ್ನು ನಾನಂತೂ ಬೇರೆ ಕಂಡಿಲ್ಲ.

ಹೀಗೆ ಲೆಕ್ಕ ಹಿಡಿಯಲು ಬಳಸಿದ ಕಾಗದವೇ ಆ ದಾರಿಯಲ್ಲಿ ಸಾಗಿದ ಸರಕುಗಳಲ್ಲೆಲ್ಲ ಹೆಚ್ಚಿನ ಪರಿಣಾಮ ಮಾಡಿತು ಎಂಬುದು ನನ್ನ ಅನಿಸಿಕೆ. 751ರ ತಲಾಸ್ ಕಾಳಗದಲ್ಲಿ ಅರಬರಿಗೆ ಸೆರೆಸಿಕ್ಕ ಚೀನೀ ಕುಶಲಕರ್ಮಿಗಳು ಸಮರ್ಕಂದದಲ್ಲಿ ಕಾಗದ ಮಾಡುವುದನ್ನು ಕಲಿಸಿದರೆಂಬ ಕಥೆ ಚೆನ್ನಾಗಿದೆ, ಆದರೆ ಅಷ್ಟಕ್ಕೇ ಕಾದಿರಬೇಕಾದ ಅಗತ್ಯ ಆ ಊರಿನವರಿಗೆ ಇರಲಿಲ್ಲ. ಸಮರ್ಕಂದಕ್ಕೆ ಹೊರಟ ಕಾಗದದ ಪತ್ರ ಅದಕ್ಕಿಂತ ನಾಲ್ಕು ಶತಮಾನ ಹಿಂದಿನದು. ಎಂಟನೆಯ ಶತಮಾನದ ಆರಂಭಕ್ಕೆ ಸೇರಿದ, ಈಗಿನ ತಜಕಿಸ್ತಾನದ ಮುಗ್ ಬೆಟ್ಟದ ಕೋಟೆಯಲ್ಲಿ ದೊರೆತ ಕಡತಗಳಲ್ಲಿ, ಒಂದು ಬದಿಗೆ ಚೀನೀ ಕಚೇರಿಯ ಬರಹ, ಮಗುಚಿದರೆ ಸೊಗ್ದಿ ಬರಹ ಇರುವ ಹಾಳೆಗಳೂ ಇವೆ. ಎಂದರೆ ಸಾವಿರಾರು ಕಿಲೋಮೀಟರ್ ದೂರದಿಂದ ರದ್ದಿಯೂ ಸರಕಾಗಿ ಬರುತ್ತಿತ್ತು.

ಸಮರ್ಕಂದದಿಂದ ಬಾಗ್ದಾದಿಗೆ ಬಂದ ಕಾಗದ ಅಲ್ಲಿಯ ಕಚೇರಿಗಳಿಗೆ ಹಿಡಿಸಿತು. ಚರ್ಮದ ಮೇಲಿನ ಬರಹವನ್ನು ಹೆರೆದು ತಿದ್ದಬಹುದು. ಕಾಗದ ಶಾಯಿಯನ್ನು ಹೀರಿಕೊಳ್ಳುವುದರಿಂದ ತಿದ್ದಿದವನ ಕೈಚಳಕ ಎದ್ದು ಕಾಣುತ್ತದೆ. ನಮ್ಮ ಕಡೆಯ ವರ್ತಕರು ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದು, ಬೇಡವಾದಾಗ ಅಳಿಸಿ, ಮತ್ತೆ ಬಳಿದು ಬಳಸುತ್ತಿದ್ದುದನ್ನು ನೆನೆದರೆ, ಅಳಿಸಲಾಗದ ಹಾಳೆಯಿಂದ ಇತಿಹಾಸಕಾರರಿಗೆ ಎಷ್ಟು ಲಾಭವಾಯಿತೆಂದು ತಿಳಿಯುತ್ತದೆ.

ಯುರೋಪಿನವರು ಮಾತ್ರ ಬಹುಕಾಲ ಮೂಗು ಮುರಿದರು. ಸಿಸಿಲಿಯನ್ನು ಆಳುತ್ತಿದ್ದ ಚಕ್ರವರ್ತಿ ಎರಡನೆಯ ಫ್ರೆಡರಿಕ್ 1231ರಲ್ಲಿ ಸಾರ್ವಜನಿಕ ದಸ್ತಾವೇಜುಗಳಿಗೆ ಕಾಗದ ಕೂಡದೆಂದು ವಿಧಿಸಿದ. ಅದೇ ಶತಮಾನ ಮುಗಿಯುವುದರೊಳಗೆ ಇಟಲಿಯ ಫಾಬ್ರಿಯಾನೊ ಪಟ್ಟಣದಲ್ಲಿ ನೀರಿನ ಬಲದಿಂದ ಚಿಂದಿ ಕುಟ್ಟುವ ಗಿರಣಿಗಳು ನಡೆಯುತ್ತಿದ್ದವು, ಮುಂದೆ ಅವರ ಅಗ್ಗದ ಕಾಗದ ಅರಬರ ಪೇಟೆಗಳಿಗೇ ಮಾರಾಟಕ್ಕೆ ಬಂತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಶಿಲುಬೆಯ ನೀರಚ್ಚು ಕಾಣುತ್ತದಲ್ಲ, ಇದರ ಮೇಲೆ ದೇವರ ವಾಕ್ಯ ಬರೆಯಬಹುದೇ ಎಂಬ ಪ್ರಶ್ನೆ ಎದ್ದಾಗ ಉತ್ತರ ಆಫ್ರಿಕದ ತ್ಲೆಮ್ಸೆನಿನ ಧರ್ಮಶಾಸ್ತ್ರಜ್ಞ ಇಬ್ನ್ ಮರ್ಜೂಕ್ 1409ರಲ್ಲಿ ಧಾರಾಳವಾಗಿ ಬರೆಯಬಹುದೆಂದು ಫತ್ವಾ ಕೊಟ್ಟ. ಸುಳ್ಳಿನ ಮೇಲೆ ಸತ್ಯವನ್ನು ಬರೆದಂತಾಯಿತಲ್ಲ ಎಂಬುದು ಅವನ ವಾದ; ಕಾಗದದ ವ್ಯಾಪಾರಿಗಳು ಅದನ್ನು ಕೇಳಿ ನಿರಾಳವಾಗಿರಬೇಕು.